ವ್ಯಸನಕ್ಕೆ ಅಂಕ ಕೊಡುವ ಮುನ್ನ

ಬೋಧನಾಭ್ಯಾಸದ ಮೂರನೇ ವಾರ ನಾನೊಂದು ತಪ್ಪು ಮಾಡಿದೆ. ಕ್ರಿಯಾ ಸಂಶೋಧನೆಗೆಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಅಂತರ್ಜಾಲ ವ್ಯಸನದ ಪ್ರಶ್ನಾವಳಿ ಕೊಟ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1998ರಲ್ಲಿ ರೂಪಿಸಿದ, 20 ಪ್ರಶ್ನೆಗಳ ಪರೀಕ್ಷೆ ಅದು. ಕನ್ನಡಕ್ಕೆ ನಾನೇ ಅನುವಾದಿಸಿಕೊಂಡಿದ್ದೆ. ಇ-ಮೇಲ್ ಕುರಿತ ಪ್ರಶ್ನೆ ಬಂದಾಗ, “ನಾವ್ಯಾರೂ ಇ-ಮೇಲ್ ನೋಡಲ್ಲ ಮಿಸ್” ಎಂದು ಮಕ್ಕಳು ನಕ್ಕರು. ಆಗಲೇ ನಾನು ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಹೆಚ್ಚು ಅಂಕ ಬಂದ ಆರು ಮಕ್ಕಳ ಹೆಸರನ್ನು ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟೆ. ಮರುದಿನ ಆ ಆರು ಮಂದಿಯನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಲಾಗಿತ್ತು. ಅವರಲ್ಲೊಬ್ಬನಿಗೆ ‘ಮೊಬೈಲ್’ ಎಂಬ ಅಡ್ಡಹೆಸರು ಬಿದ್ದಿತ್ತು. ಆಮೇಲೆ ಅವನು ನನ್ನ ವಿಜ್ಞಾನದ ಪಾಠದಲ್ಲಿ ಕೈ ಎತ್ತಲೇ ಇಲ್ಲ.

ಸಮಸ್ಯೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯವಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಗೇಮಿಂಗ್ ವ್ಯಸನವೂ ಸೇರಿದೆ. ಆದರೆ ಅಲ್ಲಿನ ಮಾನದಂಡ ನೋಡಿ: ಹಿಡಿತ ತಪ್ಪಿರಬೇಕು, ಓದು–ಮನೆ–ಗೆಳೆತನಕ್ಕೆ ಗಂಭೀರ ಪೆಟ್ಟು ಬಿದ್ದಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳಾದರೂ ಮುಂದುವರಿದಿರಬೇಕು. ಒಂದು ಪೀರಿಯಡ್‌ನಲ್ಲಿ ತುಂಬಿಸಿದ ಹಾಳೆಗೆ ಇದೆಲ್ಲ ಕಾಣುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. 100 ಮಕ್ಕಳಲ್ಲಿ 5 ಮಂದಿಗೆ ನಿಜವಾಗಿ ತೊಂದರೆಯಿದೆ ಎಂದುಕೊಳ್ಳಿ. ಪರೀಕ್ಷೆ ಶೇ. 80ರಷ್ಟು ಸರಿ ಎಂದಿಟ್ಟುಕೊಂಡರೆ, ಆ ಐವರಲ್ಲಿ 4 ಮಂದಿ ಸಿಗುತ್ತಾರೆ. ಉಳಿದ 95ರಲ್ಲಿ 19 ಮಂದಿ ಸುಮ್ಮನೆ ಸಿಕ್ಕಿಬೀಳುತ್ತಾರೆ. ಪಟ್ಟಿಯಲ್ಲಿರುವ 23 ಹೆಸರುಗಳಲ್ಲಿ ನಿಜವಾದವು ನಾಲ್ಕೇ! ಆದ್ದರಿಂದ ಪಟ್ಟಿ ಎಂದರೆ ತೀರ್ಪಲ್ಲ, ಮಾತು ಶುರುಮಾಡಲು ಒಂದು ಕಾರಣ ಅಷ್ಟೇ.

ಕೊನೆಯ ವಾರ ಆ ಹುಡುಗನೊಡನೆ ಒಬ್ಬನೇ ಇದ್ದಾಗ ಮಾತಾಡಿದೆ. ಅಮ್ಮ ಕೆಲಸದಿಂದ ಬರುವುದು ರಾತ್ರಿ ಒಂಬತ್ತಕ್ಕಂತೆ. ಅಲ್ಲಿಯವರೆಗೆ ಅವನಿಗೂ ತಂಗಿಗೂ ಫೋನೇ ಜೊತೆ. ನನ್ನ 20 ಪ್ರಶ್ನೆಗಳಲ್ಲಿ ಇದನ್ನು ಕೇಳುವ ಪ್ರಶ್ನೆ ಇರಲಿಲ್ಲ.

ಸಹಪಾಠಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪೋಷಕರ ಒಪ್ಪಿಗೆಯಿಲ್ಲದೆ ಇಂಥ ಹಾಳೆ ಹಂಚಬೇಡಿ. ಅಂಕಗಳನ್ನು ಸ್ಟಾಫ್ ರೂಮಿಗೆ ಒಯ್ಯಬೇಡಿ. ಮಗುವಿಗೆ ನೆರವು ಬೇಕಾದರೆ ಎಲ್ಲಿಗೆ ಕಳಿಸುವುದೆಂದು ಮೊದಲೇ ತಿಳಿದುಕೊಳ್ಳಿ. ಟೆಲಿ-ಮಾನಸ್‌ನ 14416 ಸಂಖ್ಯೆಯಾದರೂ ಕೈಯಲ್ಲಿರಲಿ. ಗುರುಗಳಲ್ಲಿ ಒಂದು ವಿನಂತಿ: ನಮ್ಮ ಕ್ರಿಯಾ ಸಂಶೋಧನೆಯ ಕಡತ ತಿದ್ದುವಾಗ ಕೋಷ್ಟಕ, ಸ್ತಂಭಾಲೇಖಗಳ ಜೊತೆಗೆ ‘ಆಮೇಲೆ ಆ ಮಗುವಿಗೆ ಏನಾಯಿತು?’ ಎಂದೂ ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ.