ಕದ್ದು ನೋಡಿದ ಗೋಲು ಲೆಕ್ಕಕ್ಕಿಲ್ಲ

2023ರ ಆಗಸ್ಟ್ 20, ಭಾನುವಾರ ಮಧ್ಯಾಹ್ನ ಮೂರೂವರೆ. ಸಿಡ್ನಿಯಲ್ಲಿ ಮಹಿಳೆಯರ ಫುಟ್ಬಾಲ್ ವಿಶ್ವಕಪ್ ಫೈನಲ್, ಸ್ಪೇನ್ ವಿರುದ್ಧ ಇಂಗ್ಲೆಂಡ್. ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದು ಕೂತೆ. ಯಾವ ಚಾನೆಲ್ಲಿನಲ್ಲಿ ಬರತ್ತೆ ಅಂತ ಗೊತ್ತಿರಲಿಲ್ಲ, ಹುಡುಕೋ ತಾಳ್ಮೆಯೂ ಇರಲಿಲ್ಲ. ಗೆಳೆಯನೊಬ್ಬ ಯಾವುದೋ ಲಿಂಕ್ ಕಳಿಸಿದ. ತೆಗೆದರೆ ಮೇಲೊಂದು ಜೂಜಿನ ಜಾಹೀರಾತು, ಕೆಳಗೊಂದು ಜೂಜಿನ ಜಾಹೀರಾತು, ಮಧ್ಯೆ ಅಂಗೈಯಗಲದ ಮೈದಾನ. ಸುಮಾರು ಅರ್ಧ ಗಂಟೆ ಹೇಗೋ ಓಡಿತು, ಆಮೇಲೆ ಚಿತ್ರ ನಿಂತೇ ಹೋಯ್ತು. ಮತ್ತೆ ಶುರುವಾಗೋ ಹೊತ್ತಿಗೆ ಸ್ಪೇನ್ 1-0! 29ನೇ ನಿಮಿಷದಲ್ಲಿ ಓಲ್ಗಾ ಕಾರ್ಮೋನಾ ಹೊಡೆದದ್ದು. ಇಡೀ ಫೈನಲ್‌ನಲ್ಲಿ ಬಿದ್ದಿದ್ದು ಅದೊಂದೇ ಗೋಲು, ನಾನು ನೋಡಿದ್ದು ತಿರುಗೋ ಚಕ್ರ :-)

ಹೊಟ್ಟೆ ಉರಿದಿದ್ದು ಆಮೇಲೆ. ಆ ವಿಶ್ವಕಪ್ಪಿನ ಭಾರತದ ಹಕ್ಕು ಡಿಡಿ ಸ್ಪೋರ್ಟ್ಸ್ ಮತ್ತು ಫ್ಯಾನ್‌ಕೋಡ್ ಹತ್ರ ಇತ್ತಂತೆ. ಅಂದ್ರೆ ನೆಟ್ಟಗಿನ ದಾರಿ ಇತ್ತು, ನಾನು ಬೇಲಿ ಹಾರಿದ್ದೆ.

"ಒಂದು ಮ್ಯಾಚ್ ಕದ್ದು ನೋಡಿದ್ರೆ ಏನಾಯ್ತು ಮಾರಾಯಾ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಆ ವಿಶ್ವಕಪ್ಪಿಗೆ ಸ್ವಲ್ಪ ಮುಂಚೆ ಏನಾಗಿತ್ತು ನೋಡಿ. ಅಲ್ಲೀವರೆಗೂ ಗಂಡಸರ ವಿಶ್ವಕಪ್ ಜೊತೆ ಹೆಂಗಸರದ್ದನ್ನೂ ಒಂದೇ ಗಂಟು ಕಟ್ಟಿ ಮಾರುತ್ತಿದ್ದ ಫಿಫಾ, ಮೊದಲ ಬಾರಿಗೆ ಬೇರೆಯಾಗಿ ಮಾರಲು ಹೊರಟಿತ್ತು. ಗಂಡಸರ ಟೂರ್ನಿಗೆ 10ರಿಂದ 20 ಕೋಟಿ ಡಾಲರ್ ಕೊಡೋ ಚಾನೆಲ್‌ಗಳು ಹೆಂಗಸರದ್ದಕ್ಕೆ ಕೇಳಿದ್ದು 10 ಲಕ್ಷದಿಂದ 1 ಕೋಟಿ ಅಂತ ಫಿಫಾ ಅಧ್ಯಕ್ಷ ಇನ್ಫಾಂಟಿನೋ ಮೇ ತಿಂಗಳಲ್ಲಿ ಸಿಟ್ಟಾದರು. ಇಂಗ್ಲೆಂಡ್, ಸ್ಪೇನ್, ಜರ್ಮನಿ, ಫ್ರಾನ್ಸ್, ಇಟಲಿಯಲ್ಲಿ ಪ್ರಸಾರವೇ ಇಲ್ಲ ಅನ್ನೋ ಪರಿಸ್ಥಿತಿ ಬಂದಿತ್ತು. ಜೂನ್ ಮಧ್ಯದಲ್ಲಿ ಒಪ್ಪಂದವಾಯ್ತು. ಜಪಾನಿಗಂತೂ ಟೂರ್ನಿಗೆ ಒಂದು ವಾರ ಇರೋವಾಗ ಎನ್‌ಎಚ್‌ಕೆ ಸಿಕ್ಕಿತು. 2011ರಲ್ಲಿ ಕಪ್ ಗೆದ್ದ ದೇಶದ ಕಥೆ ಇದು!

ಚೌಕಾಸಿ ಮಾಡೋರ ಕೈಲಿರೋ ಅಸ್ತ್ರ ಒಂದೇ: "ಇದನ್ನ ಯಾರು ನೋಡ್ತಾರೆ?" ಕಳ್ಳ ಲಿಂಕಿನಲ್ಲಿ ನೋಡಿದ ನಾನು ಆ ಲೆಕ್ಕದಲ್ಲಿ ಸೊನ್ನೆ. ವಿಪಿಎನ್ ಹಾಕ್ಕೊಂಡು ಲಂಡನ್ನಿನವನ ವೇಷದಲ್ಲಿ ನೋಡಿದರೆ ನನ್ನ ತಲೆ ಬ್ರಿಟನ್ನಿನ ಲೆಕ್ಕಕ್ಕೆ ಸೇರತ್ತೆ, ನಮ್ಮ ಲೆಕ್ಕ ಮತ್ತೆ ಸೊನ್ನೆ. ಮುಂದಿನ ಸಲ ನಮ್ಮ ಚಾನೆಲ್ಲಿನವರು "ಜನ ಇಲ್ಲ" ಅಂದ್ರೆ ಅದಕ್ಕೆ ಸಾಕ್ಷಿ ಕೊಟ್ಟವನು ನಾನೇ.

ಹಾಗಂತ ತಪ್ಪೆಲ್ಲ ನೋಡುಗರದ್ದು ಅನ್ನೋದನ್ನ ನಾನು ಒಪ್ಪಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಆಟ ನೋಡೋಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡೋ ಹಾಗಿಲ್ಲ ಅಂದುಬಿಟ್ಟಿತು. ಅದು ಸಡಿಲವಾಗೋಕೆ ಸುಮಾರು 50 ವರ್ಷ ಬೇಕಾಯ್ತು. ಜನ ಇರಲಿಲ್ಲ ಅಂತಲ್ಲ, ಗೇಟು ಹಾಕಿದ್ದರು. 2022ರಲ್ಲಿ ವೆಂಬ್ಲಿಯಲ್ಲಿ ಯೂರೋ ಫೈನಲ್‌ಗೆ ಗೇಟು ತೆಗೆದಾಗ ಬಂದವರು 87,192.

"ಈ ವಿಡಿಯೋ ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಅನ್ನೋದು ಈ ಕಾಲದ ಗೇಟು. ನಾವು ಸಾಫ್ಟ್‌ವೇರ್‌ನವರಿಗೆ ಗೊತ್ತು, ಅದರ ಹಿಂದೆ ಇರೋದು ಐಪಿ ವಿಳಾಸ ನೋಡಿ ದೇಶ ಗುರುತಿಸೋ ಒಂದು ಪಟ್ಟಿ. ಹಕ್ಕು ಮಾರಾಟವಾದ ದೇಶದಲ್ಲಿ ತಡೆ ಹಾಕಿದರೆ ಸರಿ, ಕೊಂಡವನಿಗೆ ಮೋಸ ಆಗಬಾರದು. ಯಾರೂ ಕೊಳ್ಳದ ದೇಶದಲ್ಲಿ ಯಾಕೆ ತಡೆ? ಅಲ್ಲಿ ಸಂಘಟಕರು ತಮ್ಮದೇ ಯೂಟ್ಯೂಬಿನಲ್ಲೋ ಆಪ್‌ನಲ್ಲೋ ಬಿಟ್ಟುಬಿಡಲಿ. ಆಮೇಲೆ ಬೇಕಾದ್ರೆ ಆ ಸಂಖ್ಯೆ ತೋರಿಸಿ ರೇಟು ಕೇಳಲಿ.

ಇನ್ನೊಂದು ತೊಂದರೆ, ಮನೆ ಬದಲಾಯಿಸೋದು. ಇಲ್ಲಿ 2022ರ ಯೂರೋ ಸೋನಿಯಲ್ಲಿ, 2025ರದ್ದು ಫ್ಯಾನ್‌ಕೋಡ್‌ನಲ್ಲಿ. ಪ್ರತಿ ಸಲ ಹೊಸದಾಗಿ ಹುಡುಕಬೇಕು. ಈಗ ನಾನು ಮಾಡೋದಿಷ್ಟು: ಟೂರ್ನಿಗೆ ವಾರ ಮುಂಚೆ ಫಿಫಾ ಅಥವಾ ಯುಇಎಫ್‌ಎ ಸೈಟಿನಲ್ಲಿ ಯಾವ ದೇಶಕ್ಕೆ ಯಾರು ಅನ್ನೋ ಪಟ್ಟಿ ನೋಡ್ತೀನಿ. ಅದರಲ್ಲಿ ನಮ್ಮ ಹೆಸರಿಲ್ಲದಿದ್ರೆ ಸಂಘಟಕರ ಸ್ವಂತ ಸ್ಟ್ರೀಮ್, ಆಮೇಲೆ ಆಡೋ ಎರಡು ದೇಶಗಳ ಸಂಸ್ಥೆಗಳ ಯೂಟ್ಯೂಬ್. ಹತ್ತು ನಿಮಿಷದ ಕೆಲಸ. ಜೂಜಿನ ಜಾಹೀರಾತು ಮುಚ್ಚೋಕೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯತ್ತೆ!

ಇದು ದೂರದ ದೇಶದವರ ಆಟ ಮಾತ್ರ ಅಲ್ಲ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದು, ಭಾರತ ಥಾಯ್ಲೆಂಡನ್ನು 2-1ರಿಂದ ಸೋಲಿಸಿತು. ಅರ್ಹತಾ ಸುತ್ತು ದಾಟಿ ಏಷ್ಯನ್ ಕಪ್‌ಗೆ ಹೋಗಿದ್ದು ನಮ್ಮ ಹುಡುಗಿಯರಿಗೆ ಅದೇ ಮೊದಲು. ಅವತ್ತು ಎಷ್ಟು ಜನ ಆ ಗೋಲುಗಳನ್ನ ನೇರವಾಗಿ ನೋಡಿದ್ವಿ? ನಾನು ನೋಡಿದ್ದು ಮಾರನೇ ದಿನ, ಎರಡು ನಿಮಿಷದ ತುಣುಕು. ಪಂದ್ಯ ಇದೆ ಅನ್ನೋದೇ ಗೊತ್ತಿರಲಿಲ್ಲ. ನಾಚಿಕೆ ಆಯ್ತು.

ಮುಂದಿನ ವಿಶ್ವಕಪ್ 2027ರಲ್ಲಿ, ಬ್ರೆಜಿಲ್‌ನಲ್ಲಿ. ರಿಯೋದಲ್ಲಿ ಸಂಜೆ ನಾಲ್ಕಕ್ಕೆ ಶುರುವಾದರೆ ನಮಗೆ ರಾತ್ರಿ ಹನ್ನೆರಡೂವರೆ. ನಿದ್ದೆಗೆಡೋದು ಹೇಗೂ ಇದ್ದೇ ಇದೆ. ನಿದ್ದೆಗೆಟ್ಟಿದ್ದಾದರೂ ಲೆಕ್ಕಕ್ಕೆ ಸಿಗಲಿ ಅನ್ನೋದು ನನ್ನ ಆಸೆ.

ನೀವೇನಂತೀರಾ?