ಕೃತಕ ಬುದ್ಧಿಮತ್ತೆಯ ಜಾಹೀರಾತು ಚಿತ್ರ: ಸರಕು ಮಾತ್ರ ಅಸಲಿಯಾಗಿರಲಿ

ಸಣ್ಣ ಉದ್ದಿಮೆದಾರರಿಗೆ ಜಾಹೀರಾತು ಚಿತ್ರವೆಂಬುದು ಬಹುಕಾಲ ಕೈಗೆಟುಕದ ಮಾತಾಗಿತ್ತು. ಛಾಯಾಗ್ರಹಣ, ಬೆಳಕು, ಕಲಾವಿದರು, ಸಂಕಲನ ಇವೆಲ್ಲದರ ವೆಚ್ಚವನ್ನು ಭರಿಸುವ ಶಕ್ತಿ ದೊಡ್ಡ ಕಂಪೆನಿಗಳಿಗೆ ಮಾತ್ರ ಇತ್ತು. ಕೃತಕ ಬುದ್ಧಿಮತ್ತೆಯ ವಿಡಿಯೋ ತಂತ್ರಾಂಶಗಳು ಈ ಪರಿಸ್ಥಿತಿಯನ್ನು ಬದಲಿಸಿವೆ. ಬರೆದುಕೊಟ್ಟ ವಿವರಣೆಯಿಂದಲೇ ದೃಶ್ಯ ರಚಿಸುವ ಓಪನ್‌ಎಐ ಸಂಸ್ಥೆಯ ‘ಸೋರಾ’ 2024ರ ಫೆಬ್ರವರಿಯಲ್ಲಿ ಜಗತ್ತಿಗೆ ಪರಿಚಯವಾಯಿತು. 2025ರ ಮೇ ತಿಂಗಳಲ್ಲಿ ಬಂದ ಗೂಗಲ್‌ನ ‘ವಿಯೋ 3’ ದೃಶ್ಯದೊಂದಿಗೆ ಮಾತು ಹಾಗೂ ಧ್ವನಿಯನ್ನೂ ಒದಗಿಸಿತು. ಅದೇ ವರ್ಷ ‘ಲವ್ ಯು’ ಎಂಬ ಪೂರ್ಣಾವಧಿಯ ಕನ್ನಡ ಚಿತ್ರವೇ ಸುಮಾರು 10 ಲಕ್ಷ ರೂಪಾಯಿಗಳಲ್ಲಿ ಇಂತಹ ತಂತ್ರಾಂಶಗಳಿಂದ ಸಿದ್ಧವಾದುದಾಗಿ ವರದಿಯಾಯಿತು. ಹೀಗಿರುವಾಗ ಅರ್ಧ ನಿಮಿಷದ ಜಾಹೀರಾತು ಚಿತ್ರ ಇಂದು ಸಣ್ಣ ಕಾರ್ಖಾನೆಗೂ ಸಾಧ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಈ ಅವಕಾಶವನ್ನು ವರ್ತಕರು ಅವಶ್ಯವಾಗಿ ಬಳಸಿಕೊಳ್ಳಬೇಕು. ಆದರೆ ಒಂದು ಗೆರೆಯನ್ನು ದಾಟಬಾರದು. ಕಥೆ, ಹಿನ್ನೆಲೆ, ಪಾತ್ರಗಳು ಯಂತ್ರದ ಸೃಷ್ಟಿಯಾಗಿರಲಿ. ಮಾರಾಟದ ಸರಕನ್ನು ಮಾತ್ರ ಕ್ಯಾಮೆರಾದಲ್ಲಿಯೇ ಸೆರೆಹಿಡಿಯಬೇಕು.

ಕಾರಣ ಸರಳವಾಗಿದೆ. ತಂತ್ರಾಂಶಕ್ಕೆ ತಯಾರಕನ ಸರಕಿನ ಪರಿಚಯವಿಲ್ಲ. ತಾನು ಕಲಿತ ಅಸಂಖ್ಯ ದೃಶ್ಯಗಳ ಆಧಾರದಿಂದ ಅದು ಹೋಲಿಕೆಯ ಚಿತ್ರವೊಂದನ್ನು ರಚಿಸುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳಿಗೂ ಸೆರಗಿನ ರೇಷ್ಮೆ ಎಳೆಗಳಿಗೂ ಕೊಂಡಿ ಹಾಕಿ ನೇಯುತ್ತಾರೆ. ಸೆರಗಿನ ವಿನ್ಯಾಸವೇ ಅದರ ಗುರುತು. ಯಂತ್ರ ಸೃಷ್ಟಿಸಿದ ಸೀರೆ ಎಷ್ಟೇ ಸುಂದರವಾಗಿ ಕಂಡರೂ ಆ ವಿನ್ಯಾಸ ಅದರಲ್ಲಿ ಇರುವ ಖಾತ್ರಿಯಿಲ್ಲ. ಚಿತ್ರವನ್ನು ನೋಡಿ ತರಿಸಿಕೊಂಡ ಗ್ರಾಹಕ ಸರಕನ್ನು ಹಿಂದಿರುಗಿಸಿದರೆ ಸಾಗಾಣಿಕೆಯ ವೆಚ್ಚದ ಜೊತೆಗೆ ಊರಿನ ಹೆಸರೂ ನಷ್ಟವಾಗುತ್ತದೆ. ಅದೇ ಮಗ್ಗವನ್ನು ನಂಬಿದ ಇತರ ನೇಕಾರರಿಗೂ ಆ ನಷ್ಟ ತಟ್ಟುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಎಚ್ಚರಿಕೆ ಅಗತ್ಯ. ಸರಕನ್ನು ಸುಳ್ಳಾಗಿ ವರ್ಣಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತು. ಅದಕ್ಕೆ ತಯಾರಕನ ಮೇಲೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಚಿತ್ರವನ್ನು ಯಂತ್ರ ರಚಿಸಿತೆಂಬ ಸಮಜಾಯಿಷಿ ತಯಾರಕನ ಹೊಣೆಯನ್ನು ಕಳೆಯಲಾರದು. ಜನಪ್ರಿಯ ನಟರ ಮುಖ ಅಥವಾ ಧ್ವನಿಯನ್ನು ಅನುಕರಿಸುವ ಆಮಿಷಕ್ಕೂ ಒಳಗಾಗಬಾರದು. ನಟ ಅನಿಲ್ ಕಪೂರ್ ಅವರ ಹೆಸರು, ರೂಪ, ಧ್ವನಿಗಳನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಉಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್‌ನಲ್ಲಿಯೇ ಆದೇಶಿಸಿದೆ.

ಈ ದಿಶೆಯಲ್ಲಿ ವಾಣಿಜ್ಯ ಸಂಸ್ಥೆಗಳು ಮಾಡಬಹುದಾದ ಕಾರ್ಯ ಬಹಳಷ್ಟಿದೆ. ಸದಸ್ಯರ ಸರಕುಗಳ ಛಾಯಾಗ್ರಹಣಕ್ಕೆ ಉತ್ತಮ ಬೆಳಕಿನ ಸಾಮೂಹಿಕ ಕೊಠಡಿಯೊಂದನ್ನು ಒದಗಿಸಬಹುದು. ಅಸಲಿ ದೃಶ್ಯವನ್ನು ಯಂತ್ರದ ಹಿನ್ನೆಲೆಯೊಂದಿಗೆ ಜೋಡಿಸುವ ತರಬೇತಿಯನ್ನು ಏರ್ಪಡಿಸಬಹುದು. ಪ್ರಕಟಣೆಗೆ ಮೊದಲು ಪ್ರತಿಯೊಂದು ಚಿತ್ರವನ್ನೂ ಸರಕನ್ನು ಕೈಯಾರೆ ತಯಾರಿಸಿದ ಕುಶಲಕರ್ಮಿಗೆ ತೋರಿಸುವ ಪದ್ಧತಿಯೂ ಬೆಳೆಯಬೇಕು. ಬಣ್ಣ, ಅಳತೆ, ಕೆಲಸಗಾರಿಕೆಗಳಲ್ಲಿನ ತಪ್ಪು ಮೊದಲು ಕಾಣುವುದು ಅವರ ಕಣ್ಣಿಗೇ. ಚಿತ್ರದಲ್ಲಿ ಕಂಡದ್ದೇ ಪೊಟ್ಟಣದಲ್ಲಿಯೂ ಇದ್ದರೆ ಗ್ರಾಹಕ ಮತ್ತೆ ಬರುತ್ತಾನೆ. ಹೊಸ ತಂತ್ರಜ್ಞಾನದ ನಿಜವಾದ ಲಾಭವೂ ಆಗಲೇ ಕೈಸೇರುತ್ತದೆ.