ಸಾಲಿ ಹಿಂದ ಜೋಳ, ಸಾಲಿ ತಾಟಿನಾಗ ಇಲ್ಲ

ಹೋದ ತಿಂಗಳ ಮೊಮ್ಮಗಳ ಸಾಲಿಗೆ ಹೋಗಿದ್ದೆ. ಬಿಸಿಊಟದ ಹೊತ್ತು. ಹುಡುಗ್ರು ಗದ್ದಲ ಹಾಕ್ಕೋತ ಅನ್ನ ಸಾರು ಉಣ್ಣಾಕತ್ತಿದ್ರು. ಅಡಿಗಿ ಚಲೋನ ಇತ್ತು, ಅಡಿಗಿ ಅಕ್ಕಾರಿಗೆ ನಾ ಹೆಸರಿಡಂಗಿಲ್ಲ. ಆದ್ರ ಗೋಡಿ ಆಚೆ ನೋಡಿದ್ರ ಬಿಳಿಜೋಳ ಎದಿಮಟ ಬೆಳೆದು ನಿಂತಾವ. ಅಕ್ಕಿ ಮಾತ್ರ ಗೋದಾಮಿನಿಂದ ಲಾರಿಯೊಳಗ ಬಂದೈತಿ.

ಅಲ್ಲೇ ನಮ್ಮ ಮೈದುನಂದೂ ಎರಡೆಕರೆ ಎರಿ ಹೊಲ. ಹೋದ ವರ್ಷ ದಲ್ಲಾಳಿ ಕೇಳಿದ ರೇಟಿಗೆ ಚೀಲ ಕೊಟ್ಟು ಬಂದ. "ವೈನಿ, ಇನ್ನ ಜೋಳ ಬಿತ್ತಂಗಿಲ್ಲ, ಬರೇ ಕಡ್ಲಿ ಹಾಕತೀನಿ" ಅಂದ. ಜೋಳ ಹೋದ್ರ ಬರೇ ರೊಟ್ಟಿ ಹೋಗೂದಿಲ್ರೆವಾ, ಕಣಕಿನೂ ಹೋಗತೈತಿ. ಕಣಕಿ ಇಲ್ದ ದನ ಹೆಂಗ ಉಳೀತಾವ?

ಸರಕಾರ ಕೊಳ್ಳೂವಾಗ ಬರೇ ಯಾರದು ಅಗ್ಗ ಅಂತ ನೋಡಬಾರದು ಅನ್ನೂದು ನನ್ನ ಮಾತು. ನಾವು ಸಂತ್ಯಾಗ ಎರಡು ರೂಪಾಯಿ ಹೆಚ್ಚಾದ್ರೂ ಗುರುತಿನಾಕಿ ಹತ್ರನ ಸೊಪ್ಪು ತಗೋತೀವಿ. ಆಕಿ ಮನಿ ನಡೀಲಿ, ನಮಗೂ ತಾಜಾ ಸಿಗಲಿ ಅಂತ. ಇದೇನು ಆಗದ ಮಾತಲ್ಲ. 2013ರಾಗ ಕ್ಷೀರಭಾಗ್ಯ ಶುರು ಆದಾಗ ಕೆಎಂಎಫ್ ಹಾಲಿನ ಪುಡಿ ಸಾಲಿಗೆ ಬಂತು. 18 ಗ್ರಾಂ ಪುಡಿಗೆ 150 ಎಂಎಲ್ ಹಾಲು. ಹುಡುಗ್ರ ಹೊಟ್ಟಿಗೂ ಆತು, ಎಮ್ಮಿ ಆಕಳ ಸಾಕಿದವರಿಗೂ ಆತು. ಬ್ರೆಜಿಲ್ ದೇಶದಾಗಂತೂ 2009ರಾಗ ಕಾಯ್ದೆನ ಮಾಡಿದ್ರು: ಕೇಂದ್ರ ಸರಕಾರ ಸಾಲಿ ಊಟಕ್ಕ ಕೊಡೋ ರೊಕ್ಕದಾಗ ಕಡಿಮಿ ಅಂದ್ರೂ ನೂರಕ್ಕ 30 ಪಾಲು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಬೇಕು ಅಂತ.

ನಮ್ಮ ಲೆಕ್ಕಾನೂ ಹಾಕಿ ನೋಡೋಣು. ಒಂದರಿಂದ ಐದನೇತ್ತೆ ಹುಡುಗ್ರಿಗೆ ದಿನಕ್ಕ 100 ಗ್ರಾಂ ಕಾಳು. 150 ಹುಡುಗ್ರಿದ್ರ 15 ಕಿಲೋ. ವಾರಕ್ಕ ಒಂದ ದಿನ ಜೋಳ ಅಂದ್ರೂ 40 ವಾರಕ್ಕ 6 ಕ್ವಿಂಟಲ್. 2024-25ರ ಮಾಲದಂಡಿ ಜೋಳದ ಬೆಂಬಲ ಬೆಲಿ ಕ್ವಿಂಟಲ್‌ಗೆ 3,421 ರೂಪಾಯಿ. ಅಂದ್ರ 20 ಸಾವಿರದ ಮ್ಯಾಲೆ ರೊಕ್ಕ ಊರಾಗ ಉಳೀತು. ಒಬ್ಬ ಸಣ್ಣ ರೈತ ಜೋಳ ಬಿಡದಂಗ ಆತು.

ಇನ್ನ ನೀವು ಕೇಳ್ತೀರಿ, ರೊಟ್ಟಿ ಬಡಿಯೋರು ಯಾರು ಅಂತ. ಖರೆ. ತಲಿಗೆ ಎರಡಂದ್ರೂ 300 ರೊಟ್ಟಿ. ಸಣ್ಣ ಗೌರವಧನಕ್ಕ ದುಡಿಯೋ ಅಡಿಗಿ ಅಕ್ಕಾರ ರಟ್ಟಿಗೆ ಅದನ್ನ ಹೇರೂದು ಧರ್ಮ ಅಲ್ಲ. ನಾವು ಮನ್ಯಾಗ ಹತ್ತು ಬಡಿಯೂದ್ರಾಗ ಸೊಂಟ ಹಿಡೀತೇವಿ. ಅದಕ್ಕ ನುಚ್ಚು ಮಾಡ್ಲಿ. ಅನ್ನದ ಹಂಗ ಒಂದ ಪಾತ್ರ್ಯಾಗ ಕುದೀತೈತಿ, ಮ್ಯಾಲೆ ಮಜ್ಜಗಿ ಇಲ್ಲಾ ಬ್ಯಾಳಿ. ರೊಟ್ಟಿನ ಬೇಕಂದ್ರ ಕಡಕ್ ರೊಟ್ಟಿ ಮಾಡೋ ಹೆಣ್ಮಕ್ಕಳ ಸಂಘ ನಮ್ಮ ಕಡೆ ಎಷ್ಟೋ ಅದಾವ, ರೊಕ್ಕ ಕೊಟ್ಟು ಅವರಿಂದ ತಗೊಳ್ಳಿ. ಪುಕ್ಕಟ ದುಡಿಸೂದು ಬ್ಯಾಡ. ಹಿಟ್ಟು ಕೂಡಿಸಿಟ್ರ ಕಮಟು ಹಿಡೀತೈತಿ, ಕಾಳ ಇಟ್ಟು ಬೇಕಾದಾಗ ಊರ ಗಿರಣ್ಯಾಗ ಬೀಸಿಸ್ಲಿ.

ಹುಡುಗ್ರು ಉಣ್ಣಂಗಿಲ್ಲ ಅಂತೀರಿ. ಮೊದಲ ನಾಕು ದಿನ ಮುಖ ಸಿಂಡರಿಸ್ತಾವ, ನನ್ನ ಮೊಮ್ಮಗಳೂ ಹಂಗ. ಬಾಜೂದಾಕಿ ಉಂಡ್ರ ತಾನೂ ಉಣ್ತಾಳ.

ಮುಂದಿನ ಎಸ್‌ಡಿಎಂಸಿ ಸಭೆಗೆ ನಾ ಹೋಗಾಕಿ. ಇದೊಂದ ಮಾತು ಕೇಳಾಕಿ. ಒಬ್ಬಾಕೇ ಕೇಳಿದ್ರ ಚಾ ಕುಡಿಸಿ ಕಳಸ್ತಾರ, ನೀವೂ ನಾಕ ಮಂದಿ ಬರ್ರಿ.